ಹೆಂಚಿನ ಮೇಲಿನ ಹನಿ

ನಮ್ಮ ಸಿಂಗಟಗೆರೆಯ ಕಡೆಯ ಸಂಸಾರಗಳು ಮಕ್ಕಳೊಡನೆ ಪ್ರಯಾಣ ಹೊರಡುವುದು ಬಹುಮಟ್ಟಿಗೆ ಜಾತ್ರೆಗೆ, ಮದುವೆಗೆ, ಇಲ್ಲವೆ ಹರಕೆ ಒಪ್ಪಿಸುವುದಕ್ಕೆ. ವಿಜ್ಞಾನವನ್ನು ಕಾಣುವುದಕ್ಕೆಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುವುದುಂಟೆ ಎಂದು ಕೇಳಿದರೆ ಹಿರಿಯರು ನಕ್ಕಾರು. ಅದು ಶಾಲೆಯ ಕೆಲಸ, ಉಪಾಧ್ಯಾಯರು ಕರೆದೊಯ್ಯಲಿ ಎಂಬುದು ಅವರ ಎಣಿಕೆ. ನನ್ನ ಅಭಿಪ್ರಾಯ ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರವರಿಯ ಕೊನೆಯಲ್ಲಿ ಅಥವಾ ಮಾರ್ಚ್ ತಿಂಗಳಲ್ಲಿ ಬರುವ ಒಂದು ಶನಿವಾರ, ತನ್ನ ಪ್ರಯೋಗಶಾಲೆಗಳ ಬಾಗಿಲನ್ನು ಸರ್ವರಿಗೂ ತೆರೆದಿಡುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಕಡೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಸಂಸ್ಥೆ ಸಮೀಪದಲ್ಲಿಯೇ ಇದೆ. ಅಲ್ಲಿಗೆ ಹೋಗಲು ನಮಗೆ ಸಂಕೋಚವೇಕೆ? ಜಮ್‌ಶೆಟ್‌ಜಿ ಟಾಟಾ ಅವರು ಕನಸು ಕಂಡ ಆ ಸಂಸ್ಥೆ 1909ರಲ್ಲಿ ಸ್ಥಾಪನೆಯಾದುದು ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ನೆಲದ ಮೇಲೆ. ಆ ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ಕಟ್ಟಿದವರಲ್ಲಿ ಆಗಿನ ಕಡೂರು ಜಿಲ್ಲೆಯ ಬೇಸಾಯಗಾರರೂ ಇದ್ದರು. ಅವರ ಮರಿಮಕ್ಕಳಿಗೆ ಆ ಅಂಗಳದಲ್ಲಿ ಕಾಲಿಡುವ ಹಕ್ಕು ಉಂಟು.

ಶಾಲೆಯ ಪ್ರವಾಸವನ್ನು ನಾನು ಹಳಿಯುತ್ತಿಲ್ಲ; ಅಂಥ ಪ್ರವಾಸಗಳನ್ನು ಎಷ್ಟೋ ವರ್ಷ ನಡೆಸಿದವನು ನಾನು. ಆದರೆ ಅರವತ್ತು ಮಕ್ಕಳನ್ನು ಸಾಲಾಗಿ ನಡೆಸುವ ಉಪಾಧ್ಯಾಯನಿಗೆ ತಲೆ ಎಣಿಸುವುದರಲ್ಲಿಯೇ ಹೊತ್ತು ಕಳೆಯುತ್ತದೆ. ಗಾಳಿಸುರಂಗದ ಮುಂದೆ ಅರ್ಧ ಗಂಟೆ ನಿಲ್ಲಬೇಕೆನಿಸಿದ ಹುಡುಗಿಗೆ ಅಲ್ಲಿ ಅವಕಾಶವಿಲ್ಲ. ಸಂಸಾರದೊಡನೆ ಹೋದವಳು ನಿಲ್ಲಬಹುದು, ಮುಟ್ಟಲು ಬಿಟ್ಟದ್ದನ್ನು ಮುಟ್ಟಬಹುದು, ಸಹಪಾಠಿಗಳು ನಕ್ಕುಬಿಡಬಹುದಾದ ಪ್ರಶ್ನೆಯನ್ನೂ ಕೇಳಬಹುದು.

ಸಂಸಾರವೆಂದಾಗ ತಾಯಿಯನ್ನು ಸೇರಿಸಿಯೇ ಹೇಳುತ್ತಿದ್ದೇನೆ. ವಸ್ತುಪ್ರದರ್ಶನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ನೋಟ ನನಗೆ ಸರಿಬರುವುದಿಲ್ಲ. ತಂದೆಯೂ ಮಕ್ಕಳೂ ಒಳಗೆ ಹೋಗುತ್ತಾರೆ. ತಾಯಿ ಮರದ ನೆರಳಿನಲ್ಲಿ ಚೀಲಗಳನ್ನು ಕಾಯುತ್ತ ಕೂರುತ್ತಾಳೆ. "ನನಗೇನು ತಿಳಿದೀತು" ಎಂಬ ಮಾತು ಅವಳ ಬಾಯಿಂದಲೇ ಬರುತ್ತದೆ.

ಅವಳಿಗೆ ತಿಳಿಯುತ್ತದೆ. ಒಳಗೆ ದ್ರವರೂಪದ ಸಾರಜನಕವನ್ನು ತೋರಿಸುತ್ತಾರೆ. ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುವ ವಸ್ತು ಅದು. ಅದರಲ್ಲಿ ಅದ್ದಿದ ಹೂವು ಹಿಸುಕಿದರೆ ಗಾಜಿನಂತೆ ಪುಡಿಯಾಗುತ್ತದೆ. ನೆಲಕ್ಕೆ ಚೆಲ್ಲಿದರೆ ಹನಿಗಳು ನೆಲವನ್ನು ತೋಯಿಸದೆ ಜಾರಿ ಓಡುತ್ತವೆ. ಮಕ್ಕಳು ಬೆರಗಾಗುತ್ತಾರೆ. ಆದರೆ ದೋಸೆಯ ಹೆಂಚು ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುವ ಹೆಣ್ಣುಮಗಳು ಈ ಓಟವನ್ನು ಎಷ್ಟು ಸಲ ಕಂಡಿಲ್ಲ! ಹೆಂಚು ಸಾಧಾರಣವಾಗಿ ಕಾದಿದ್ದರೆ ನೀರು ಚುರ್ರೆಂದು ಆರಿಹೋಗುತ್ತದೆ. ವಿಪರೀತ ಕಾದಿದ್ದರೆ ಮುತ್ತಾಗಿ ಉರುಳಾಡುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಹನಿಯ ಅಡಿಭಾಗ ಆವಿಯಾಗಿ, ಆ ಆವಿಯ ತೆಳುಪದರವೇ ಹನಿಯನ್ನು ಎತ್ತಿ ಹಿಡಿದು ಶಾಖವನ್ನು ತಡೆಯುವುದರಿಂದ ಹೀಗಾಗುತ್ತದೆ. ಸಾರಜನಕಕ್ಕೆ ನಮ್ಮ ತಣ್ಣನೆಯ ನೆಲವೇ ಕಾದ ಹೆಂಚು. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಈ ಸಂಗತಿಯನ್ನು ವಿವರಿಸಿ ಬರೆದನು. ಅವನು ಬಳಸಿದ ಉಪಕರಣವಾದರೂ ಏನು? ಬೆಂಕಿಯಲ್ಲಿ ಕಾಯಿಸಿದ ಕಬ್ಬಿಣದ ಚಮಚ. ಅಡುಗೆಮನೆಯಿಂದ ಪ್ರಯೋಗಶಾಲೆಗೆ ಇರುವ ದೂರ ಇಷ್ಟೇ.

ಸಂಸ್ಥೆಯಲ್ಲಿ ವಿವರಣೆ ಕೊಡುವ ವಿದ್ಯಾರ್ಥಿಗಳು ದೇಶದ ನಾನಾ ಕಡೆಗಳಿಂದ ಬಂದವರು. ಎಲ್ಲರಿಗೂ ಕನ್ನಡ ಬಾರದು. ಅಲ್ಲಿ ಒಂಬತ್ತನೆಯ ತರಗತಿಯ ನಿಮ್ಮ ಕೆಲಸ ಮೊದಲಾಗುತ್ತದೆ. ಕೇಳಿದ್ದನ್ನು ತಾಯಿಗೆ ತಿಳಿಗನ್ನಡದಲ್ಲಿ ಹೇಳಿ ನೋಡಿ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ನಿಮಗೇ ಅರ್ಥವಾಗಿಲ್ಲವೆಂದು ತಿಳಿದು, ಹಿಂದಿರುಗಿ ಮತ್ತೊಮ್ಮೆ ಕೇಳಿ. ನಾಚಿಕೆ ಬೇಡ, ಎರಡನೆಯ ಸಲ ಬಂದು ಕೇಳುವವನನ್ನು ಕಂಡರೆ ಕಲಿಸುವವರಿಗೆ ಪ್ರೀತಿ ಹೆಚ್ಚು. ತಾಯಿಯೂ ಹೆಂಚಿನ ಮಾತನ್ನು ಹೇಳಲಿ; ಅದನ್ನು ಆ ವಿದ್ಯಾರ್ಥಿಗೆ ನೀವೇ ತಲುಪಿಸಿ.

ಇನ್ನು ಚೀಲಗಳ ಮಾತು. ಅವನ್ನು ಸರದಿಯ ಮೇಲೆ ಎಲ್ಲರೂ ಹೊರಬಹುದು. ಮೊದಲ ಸರದಿ ತಂದೆಯದಾಗಲಿ.