ಯಂತ್ರದ ಓದು ಮತ್ತು ಕನ್ನಡದ ಪುಟ

ಪಠ್ಯವನ್ನು ಓದುವವರು ಯಾರು ಎಂಬ ಪ್ರಶ್ನೆಗೆ ಈಗ ಮತ್ತೊಂದು ಉತ್ತರ ಸೇರಿಕೊಂಡಿದೆ. 2004ರ ಸೆಲೆನಿಯಮ್ ತಂತ್ರಾಂಶ, ಮನುಷ್ಯ ಬರೆದುಕೊಟ್ಟ ಹೆಜ್ಜೆಗಳನ್ನಷ್ಟೇ ಅನುಸರಿಸಿ ಜಾಲಪುಟಗಳನ್ನು ಪರೀಕ್ಷಿಸುತ್ತಿತ್ತು. 2025ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಎಂಸಿಪಿ, ಗೂಗಲ್‌ನ ಕ್ರೋಮ್ ಡೆವ್‌ಟೂಲ್ಸ್ ಎಂಸಿಪಿಯಂತಹ ಸಾಧನಗಳು ಬ್ರೌಸರನ್ನೇ ಕೃತಕ ಬುದ್ಧಿಮತ್ತೆಯ ಕೈಗೆ ಒಪ್ಪಿಸುತ್ತವೆ. ಪುಟವನ್ನು ಓದಿ, ದೋಷವನ್ನು ಹುಡುಕಿ, ಮುಂದಿನ ಹೆಜ್ಜೆಯನ್ನು ಯಂತ್ರವೇ ನಿರ್ಧರಿಸುತ್ತದೆ.

ಈ ಓದಿನ ಸ್ವರೂಪವನ್ನು ಗಮನಿಸಬೇಕು. ಪ್ಲೇರೈಟ್ ಎಂಸಿಪಿ ಮುಖ್ಯವಾಗಿ ಅವಲಂಬಿಸುವುದು ಪುಟದ ಚಿತ್ರವನ್ನಲ್ಲ. ಅಂಧರ ಸ್ಕ್ರೀನ್ ರೀಡರ್‌ಗಳು ಬಳಸುವ ರಚನೆಯನ್ನು. ಇದು ಶೀರ್ಷಿಕೆ, ಇದು ಕೊಂಡಿ, ಇದು ಗುಂಡಿ ಎಂಬ ಹೆಸರುಗಳೇ ಅಲ್ಲಿ ಪಠ್ಯ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳ ಕನ್ನಡ ಕಣ್ಣಿಗೆ ಕನ್ನಡವಾಗಿಯೇ ಕಂಡರೂ ಈ ಓದಿಗೆ ಅರ್ಥಹೀನ ಸಂಕೇತಗಳ ರಾಶಿ. ವಿವರಣೆಯಿಲ್ಲದೆ ಚಿತ್ರವಾಗಿ ಏರಿಸಿದ ಬರಹವಂತೂ ಖಾಲಿ ಜಾಗ.

ಇದನ್ನು ತಂತ್ರಜ್ಞರ ಸಮಸ್ಯೆಯೆಂದು ಬದಿಗಿಡುವಂತಿಲ್ಲ. ಯಂತ್ರ ಎಡವುವ ಇಂತಹ ಪುಟದಲ್ಲಿ ಕಣ್ಣು ಕಾಣದ ಕನ್ನಡ ಓದುಗರು ಅದಕ್ಕೂ ಮೊದಲೇ ಎಡವಿದ್ದಾರೆ. ಗ್ರಂಥಸಂಪಾದನೆ ಓಲೆಗರಿಗೇ ಮುಗಿಯುವುದಿಲ್ಲ. ಹಳೆಯ ಸಂಚಿಕೆಗಳನ್ನು ಯುನಿಕೋಡ್‌ಗೆ ತರುವುದು, ಚಿತ್ರಗಳಿಗೆ ಕನ್ನಡದಲ್ಲೇ ವಿವರಣೆ ಬರೆಯುವುದು ಕನ್ನಡ ವಿಭಾಗಗಳ ವಿದ್ವತ್ತಿನ ಕೆಲಸವೇ ಆಗಬೇಕು.