ಹಬ್ಬಕ್ಕೆ ಬಾರದವರು

೨೦೨೫ನೆಯ ಇಸವಿ ಸೆಪ್ಟೆಂಬರ್ ೨೧, ಭಾನುವಾರ, ಮಹಾಲಯ ಅಮಾವಾಸ್ಯೆ. ಮರುದಿನವೇ ನವರಾತ್ರಿಯ ಪಾಡ್ಯ. ಆ ಅಮಾವಾಸ್ಯೆಯ ಬೆಳಗ್ಗೆ, ನಮ್ಮ ಗಡಿಯಾರಗಳಲ್ಲಿ ಒಂಬತ್ತೂವರೆಯಾಗುವ ಹೊತ್ತಿಗೆ, ಅಮೆರಿಕದ ಅಧ್ಯಕ್ಷರ ಘೋಷಣೆಯೊಂದು ಜಾರಿಗೆ ಬಂದಿತು. ಎಚ್‌-ಒನ್‌-ಬಿ ಎಂಬ ಉದ್ಯೋಗ ವೀಸಾದ ಅರ್ಜಿಗೆ ಒಂದು ಲಕ್ಷ ಡಾಲರು ಶುಲ್ಕ ಎಂಬುದು ಅದರ ಸಾರ. ಸಹಿ ಬಿದ್ದುದು ಶುಕ್ರವಾರ. ಗಡುವು ಶನಿವಾರದ ನಡುರಾತ್ರಿ. ಆಗಲೇ ವೀಸಾ ಪಡೆದಿದ್ದವರಿಗೂ ಇದು ತಗಲುವುದೇ ಎಂಬುದು ಮೊದಲ ಗಳಿಗೆಗಳಲ್ಲಿ ಯಾರಿಗೂ ತಿಳಿಯಲಿಲ್ಲ. ಊರಿಗೆ ಬಂದಿದ್ದ ನೌಕರರಿಗೆ ‘ಕೂಡಲೆ ಹಿಂದಿರುಗಿ’ ಎಂದು ಹಲವು ಕಂಪೆನಿಗಳಿಂದ ಕರೆ ಬಂದಿತು. ಸ್ಯಾನ್‌ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ, ಹೊರಡಲು ಅಣಿಯಾಗಿ ನಿಂತಿದ್ದ ವಿಮಾನದಿಂದ ಕೆಲವರು ಇಳಿದೇಹೋದರು. ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಿರುವವರ ಹೋಗಿಬರುವಿಕೆಗೆ ಅಡ್ಡಿಯಿಲ್ಲ ಎಂಬ ವಿವರಣೆ ಶನಿವಾರವೇ ಹೊರಬಿದ್ದಿತು, ನಿಜ. ಆದರೆ ಅಷ್ಟರಲ್ಲಿ ಕೆಲವರ ನವರಾತ್ರಿ ಮುಗಿದುಹೋಗಿತ್ತು.

ಆ ಶುಲ್ಕದ ನ್ಯಾಯಾನ್ಯಾಯಗಳನ್ನು ಅರ್ಥಶಾಸ್ತ್ರಜ್ಞರು ಚರ್ಚಿಸಲಿ. ನಮ್ಮಂಥವರು ಗಮನಿಸಬೇಕಾದುದು ಬೇರೆ ಇದೆ. ಹಬ್ಬಕ್ಕೆ ಬಾರದ ಮಗನ ವಿಷಯದಲ್ಲಿ ನಮ್ಮ ಊರುಗಳ ಜಗಲಿಯ ತೀರ್ಪು ಬಹು ಕಾಲದಿಂದ ಒಂದೇ: ‘ಅಲ್ಲಿಯ ಸುಖ ಹಿಡಿಸಿತು, ಇಲ್ಲಿಯದು ಮರೆತುಹೋಯಿತು.’ ತಂದೆತಾಯಿಗಳು ಬಾಯಿಬಿಟ್ಟು ಹೀಗೆ ಅನ್ನುವುದಿಲ್ಲ. ನೆರೆಯವರು ಅಂದಾಗ ಅಲ್ಲಗಳೆಯುವುದೂ ಇಲ್ಲ. ಈ ತೀರ್ಪಿನಲ್ಲಿ ಎಳ್ಳಷ್ಟೂ ಸತ್ಯವಿಲ್ಲವೆಂದು ನಾನು ಹೇಳಲಾರೆ. ಸುಖ ಹಿಡಿಸಿದವರೂ ಇದ್ದಾರೆ. ಆದರೆ ಇಂದಿನ ಗೈರುಹಾಜರಿಯಲ್ಲಿ ಬಹುಪಾಲು ಮನಸ್ಸಿನದಲ್ಲ, ಕಾಗದದ್ದು. ಅದನ್ನು ಮನಸ್ಸಿನದೆಂದು ಓದಿ ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಯಿಸುತ್ತಿದ್ದಾರೆ.

ಈ ಕಾಗದದ ಲೆಕ್ಕ ಊರಿನಲ್ಲಿರುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸಬೇಕು. ಅಮೆರಿಕದಲ್ಲಿದ್ದು ಕೆಲಸಮಾಡಲು ಬೇಕಾದ ಅನುಮತಿ ಒಂದು. ಆ ದೇಶದ ಬಾಗಿಲಲ್ಲಿ ಒಳಹೋಗಲು ಪಾಸ್‌ಪೋರ್ಟಿನಲ್ಲಿರಬೇಕಾದ ವೀಸಾ ಮುದ್ರೆ ಮತ್ತೊಂದು. ಮುದ್ರೆಯ ಅವಧಿ ತೀರಿದರೂ, ಅನುಮತಿ ಇರುವ ತನಕ, ಅಲ್ಲೇ ಇದ್ದುಕೊಂಡು ದುಡಿಯಬಹುದು. ಒಮ್ಮೆ ಹೊರಗೆ ಕಾಲಿಟ್ಟರೆ ಮಾತ್ರ, ಹೊಸ ಮುದ್ರೆಯಿಲ್ಲದೆ ಹಿಂದಿರುಗುವಂತಿಲ್ಲ. ಅಂದರೆ ಮನೆಗೆ ಬರುವ ದಾರಿ ಯಾವಾಗಲೂ ತೆರೆದಿದೆ; ಮರಳುವ ದಾರಿಗೆ ಬೀಗ. ಮುದ್ರೆಯನ್ನು ಆ ದೇಶದೊಳಗೇ ಹೊಸದು ಮಾಡಿಕೊಡುವ ಏರ್ಪಾಡು ಅಸಾಧ್ಯವೇನೂ ಅಲ್ಲ. ೨೦೨೪ರ ಆರಂಭದಲ್ಲಿ ಇಪ್ಪತ್ತು ಸಾವಿರ ಅರ್ಜಿಗಳ ಮಿತಿಯಲ್ಲಿ ಪ್ರಯೋಗವಾಗಿ ಅದನ್ನು ನಡೆಸಿದರು. ಆದರೆ ಮರುವರ್ಷ ಗಾಳಿ ತಿರುಗಿತು. ೨೦೨೫ರ ಸೆಪ್ಟೆಂಬರ್ ೨ರಿಂದ, ಸಂದರ್ಶನವಿಲ್ಲದೆ ಮುದ್ರೆ ನವೀಕರಿಸಿಕೊಳ್ಳುವ ಸೌಕರ್ಯ ಬಹುಮಟ್ಟಿಗೆ ನಿಂತುಹೋಯಿತು. ಅದೇ ತಿಂಗಳಲ್ಲಿ, ಸ್ವಂತ ದೇಶದಲ್ಲೋ ವಾಸಿಸುವ ದೇಶದಲ್ಲೋ ಮಾತ್ರ ಅರ್ಜಿ ಹಾಕಬೇಕೆಂಬ ನಿಯಮವೂ ಬಂದಿತು. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸಕ್ಕೆ ಆ ವರ್ಷದ ಜನವರಿಯಲ್ಲಿ ಉದ್ಘಾಟನೆಯ ದೀಪ ಹಚ್ಚಿದ್ದರೂ, ವೀಸಾ ಬೇಕಾದ ಕನ್ನಡಿಗ ಹೋಗಬೇಕಾದುದು ಚೆನ್ನೈಗೋ ಹೈದರಾಬಾದಿಗೋ. ಹಬ್ಬಕ್ಕೆ ಬಂದವನಿಗೆ ಇರುವ ರಜೆ ಮೂರು ವಾರ. ಅದರಲ್ಲಿ ಸಂದರ್ಶನಕ್ಕೆ, ಪಾಸ್‌ಪೋರ್ಟು ಕೈಸೇರುವುದಕ್ಕೆ ಎಷ್ಟು ದಿನ ಹೋದೀತೆಂದು ಹೇಳಬಲ್ಲವರಿಲ್ಲ. ಖಾಸಗಿ ನೌಕರನಿಗೆ ಇಷ್ಟು ದಿನ ಸಂಬಳಸಹಿತ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾಯಿದೆಯೂ ಆ ದೇಶದಲ್ಲಿಲ್ಲವೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಇಂಥ ನೋವಿಗೆ ನಮ್ಮ ಸಾಹಿತ್ಯದಲ್ಲಿ ಮಾತು ಹುಡುಕುವವರು ತಪ್ಪದೆ ಪಂಪನ ಬನವಾಸಿಗೆ ಹೋಗುತ್ತಾರೆ. ಹೊರನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಆ ಪದ್ಯವನ್ನು ಕಾಣದಿರುವುದೇ ಅಪರೂಪ. ಸಾವಿರ ವರ್ಷಗಳ ಹಿಂದೆ, ಅರ್ಜುನನ ನೆಪದಲ್ಲಿ, ನಾಡನ್ನು ನೆನಪಿಗೆ ತರುವ ಸಂಗತಿಗಳನ್ನು ಕವಿ ಎಣಿಸುವಾಗ ತೆಂಕಣಗಾಳಿ, ಮಲ್ಲಿಗೆಗಳೊಂದಿಗೆ ವಸಂತೋತ್ಸವವೂ ಸೇರಿದೆಯೆಂಬುದು ನಿಜವೆ. ಆದರೂ ಅದು ರಸಿಕನೊಬ್ಬನ ಸ್ಮರಣೆ. ಹಬ್ಬಕ್ಕೆ ಹೋಗಬೇಕೆಂದು ಕಾದು ಹೋಗಲಾರದವರ ಸಂಕಟವಲ್ಲ. ಆ ಸಂಕಟಕ್ಕೆ ಮಾತು ಕೊಟ್ಟವರು ಹೆಸರಿಲ್ಲದ ಹೆಣ್ಣುಮಕ್ಕಳು. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆದೊಯ್ಯಬೇಕು, ತವರಿನಲ್ಲಿ ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಕರೆಯಲು ಅಣ್ಣ ಬಾರದಿದ್ದರೆ ಅಥವಾ ಬಂದರೂ ಅತ್ತೆ ಕಳುಹಿಸದಿದ್ದರೆ? ನಮ್ಮ ಜನಪದ ಗೀತೆಗಳಲ್ಲಿ ಅತ್ಯಂತ ಕರುಣಾಪೂರ್ಣವಾದವುಗಳಲ್ಲಿ ಹಲವು ಹುಟ್ಟಿದ್ದು ಈ ಬಾಗಿಲಲ್ಲಿ. ಗಂಡುಮಕ್ಕಳು ಈಚಿನ ದಶಕಗಳಲ್ಲಿ ಕಲಿಯುತ್ತಿರುವ ಪಾಠವನ್ನು ನಮ್ಮ ಹೆಣ್ಣುಮಕ್ಕಳು ಶತಮಾನಗಳಿಂದ ಬಲ್ಲರು. ವ್ಯತ್ಯಾಸವಿಷ್ಟೆ: ಅತ್ತೆಯ ಸ್ಥಾನದಲ್ಲಿ ಈಗ ದೂತಾವಾಸ ಕುಳಿತಿದೆ. ಅತ್ತೆಯನ್ನಾದರೂ ಹೇಗೋ ಒಲಿಸಿಕೊಳ್ಳಬಹುದಾಗಿತ್ತು.

ಪರದೇಶವೆಂದರೆ ಅಮೆರಿಕವೊಂದೇ ಅಲ್ಲ. ನಮ್ಮ ಕರಾವಳಿಗೆ ಅದು ಮೊದಲಿಗೆ ಅರಬ್ಬೀ ಸಮುದ್ರದ ಆಚೆಯ ದಡ. ಅಲ್ಲಿಯ ಲೆಕ್ಕ ತಿರುಗುಮುರುಗು. ಸಂಯುಕ್ತ ಅರಬ್ ಸಂಸ್ಥಾನಗಳ ಕಾರ್ಮಿಕ ಕಾಯಿದೆ ಒಂದು ವರ್ಷ ದುಡಿದವನಿಗೆ ಮೂವತ್ತು ದಿನಗಳ ರಜೆ ಕೊಡುತ್ತದೆ. ಭಟ್ಕಳದಿಂದ ದುಬಾಯಿಗೆ ಹೋದ ಅಂಗಡಿ ನೌಕರನಿಗೆ ಈದ್ ಹಬ್ಬ ಅಲ್ಲಿಯೂ ಹಬ್ಬ, ಸರ್ಕಾರಿ ರಜೆಯೂ ಹೌದು. ಸುತ್ತಲೂ ನಮಾಜು, ಹೊಸ ಬಟ್ಟೆ, ಊಟ. ಎಲ್ಲ ಇದ್ದು, ಮನೆಯವರು ಮಾತ್ರ ಇಲ್ಲ. ಇಡೀ ನಗರ ಹಬ್ಬ ಮಾಡುತ್ತಿರುವಾಗ ಕೋಣೆಯಲ್ಲಿ ಎಂಟು ಜನರ ನಡುವೆ ಒಬ್ಬನಾಗಿ ಕುಳಿತಿರುವುದು, ಹಬ್ಬವೇ ಗೊತ್ತಿಲ್ಲದ ಊರಿನಲ್ಲಿ ಒಬ್ಬನೇ ಇರುವುದಕ್ಕಿಂತ ಕಠಿನವೆಂದು ನನಗನ್ನಿಸುತ್ತದೆ. ಈದಿನ ದಿನಗಳಲ್ಲಿ ವಿಮಾನದ ದರ ಏರುವುದರಿಂದ, ಅಗ್ಗದ ತಿಂಗಳಲ್ಲಿ ಊರಿಗೆ ಬಂದು ಹಬ್ಬವನ್ನು ಅಲ್ಲಿಯೇ ಕಳೆಯುವವರೇ ಹೆಚ್ಚು.

‘ಈಗ ಅಂಗೈಯಲ್ಲೇ ಮುಖ ಕಾಣುತ್ತದಲ್ಲ’ ಎಂದು ಸಮಾಧಾನ ಹೇಳುವವರುಂಟು. ಕಾಣುತ್ತದೆ. ದೇವರ ಮುಂದೆ ಫೋನನ್ನು ಗೋಡೆಗೆ ಒರಗಿಸಿಟ್ಟು, ಮಂಗಳಾರತಿಯನ್ನು ಅದಕ್ಕೂ ತೋರಿಸುವುದು ಎಷ್ಟೋ ಮನೆಗಳಲ್ಲಿ ಪದ್ಧತಿಯೇ ಆಗಿದೆ. ಆದರೆ ಹಬ್ಬವೆಂಬುದು ನೋಡುವ ವಸ್ತುವಲ್ಲ, ಮಾಡುವ ಕೆಲಸ. ಮಾವಿನ ಎಲೆ ಕೊಯ್ದು ತರುವುದು, ಹೂರಣ ರುಬ್ಬುವುದು, ಅಟ್ಟದಿಂದ ಬೊಂಬೆಯ ಪೆಟ್ಟಿಗೆ ಇಳಿಸುವುದು, ಎಲೆ ಹಾಕುವಾಗ ತಮ್ಮನೊಡನೆ ಜಗಳವಾಡುವುದು. ಪೆಟ್ಟಿಗೆ ಇಳಿಸುವ ಕೈ ಇಲ್ಲವೆಂದು ಬೊಂಬೆ ಕೂರಿಸುವುದನ್ನೇ ಬಿಟ್ಟ ಮನೆಗಳನ್ನು ಮೈಸೂರಿನ ಹಳೆಯ ಬೀದಿಗಳಲ್ಲಿ ನಾನು ಬಲ್ಲೆ. ಅಲ್ಲಿ ಹಬ್ಬ ತಪ್ಪಿಸಿಕೊಂಡವರು ಹೋದವರಷ್ಟೇ ಅಲ್ಲ, ಉಳಿದವರೂ ಹೌದು. ಅತ್ತ ಅಮೆರಿಕದ ಕನ್ನಡ ಕೂಟಗಳು ಯುಗಾದಿಯನ್ನು ಅನುಕೂಲದ ಶನಿವಾರಕ್ಕೆ ಸರಿಸಿಕೊಳ್ಳುತ್ತವೆ. ಅದನ್ನು ಪರಿಹಾಸ್ಯಮಾಡುವವರ ಪಕ್ಷ ನನ್ನದಲ್ಲ. ಆ ಶನಿವಾರದಂದು ನೂರು ಜನಕ್ಕೆ ಒಬ್ಬಟ್ಟು ತಟ್ಟುವ ಕೈಗಳಿವೆಯೆಂಬುದೇ ದೊಡ್ಡದು.

ಇದನ್ನು ಮಂಗಳೂರಿನ ಕೊಂಕಣಿ ಕ್ರೈಸ್ತರು ಹಿಂದೆಯೇ ಅರಿತಿದ್ದರು. ಸೆಪ್ಟೆಂಬರ್ ೮ರ ಮೊಂತಿ ಹಬ್ಬದಲ್ಲಿ ಇಗರ್ಜಿಯಿಂದ ಆಶೀರ್ವಾದದ ಹೊಸ ತೆನೆ ಮನೆಗೆ ಬರುತ್ತದೆ; ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಎಲ್ಲರೂ ಒಟ್ಟಿಗೆ ಕುಳಿತು ತೆಗೆದುಕೊಳ್ಳಬೇಕು. ಮುಂಬಯಿಯಲ್ಲೋ ಕುವೈತಿನಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅದು ತಲಪುವ ವೇಳೆಗೆ ಹಬ್ಬ ಮುಗಿದು ಎರಡು ವಾರವಾಗಿರುತ್ತಿತ್ತು. ಆದರೂ ನೋಡಿದವನಾಗಿ ಅಲ್ಲ, ಉಂಡವನಾಗಿ ಅವನು ಆ ಪಂಕ್ತಿಗೆ ಸೇರುತ್ತಿದ್ದ.

ವಿಪರ್ಯಾಸವೆಂದರೆ, ಮನೆಯ ದಾರಿ ಹೀಗೆ ಕಿರಿದಾಗುತ್ತಿರುವ ಕಾಲದಲ್ಲೇ ಪರದೇಶದಲ್ಲಿ ನಮ್ಮ ಹಬ್ಬದ ಮರ್ಯಾದೆ ಹೆಚ್ಚುತ್ತಿದೆ. ನ್ಯೂಯಾರ್ಕ್ ನಗರದ ಶಾಲೆಗಳು ೨೦೨೪ರಲ್ಲಿ ದೀಪಾವಳಿಗೆ ಬಾಗಿಲು ಮುಚ್ಚಿದವು. ೨೦೨೫ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಅದನ್ನು ತನ್ನ ಅಧಿಕೃತ ಹಬ್ಬಗಳ ಪಟ್ಟಿಗೆ ಸೇರಿಸಿಕೊಂಡಿತು. ಆ ವರ್ಷದ ಡಿಸೆಂಬರ್ ೧೦ರಂದು ಯುನೆಸ್ಕೋ ಸಂಸ್ಥೆ ದೀಪಾವಳಿಯನ್ನು ಮಾನವಕುಲದ ಪರಂಪರೆಯೆಂದು ದಾಖಲಿಸಿತು. ಐದು ದಿನ ಕಳೆದು, ೧೫ರಿಂದ, ಎಚ್‌-ಒನ್‌-ಬಿ ಅರ್ಜಿದಾರರು ಸಾಮಾಜಿಕ ಜಾಲತಾಣಗಳಲ್ಲಿ ಬರೆದುದನ್ನೆಲ್ಲ ಪರಿಶೀಲಿಸುವ ಹೊಸ ಕ್ರಮ ಜಾರಿಯಾಯಿತು. ಭಾರತದಲ್ಲಿ ಗೊತ್ತಾಗಿದ್ದ ಸಂದರ್ಶನಗಳು ಮಾರ್ಚಿಗೆ, ಕೆಲವರದು ಅದಕ್ಕೂ ಆಚೆಗೆ, ಮುಂದೆ ಬಿದ್ದವು. ವರ್ಷಾಂತ್ಯದ ರಜೆಗೆಂದು ಎರಡು ವಾರಕ್ಕೆ ಬಂದವರು ಹೆಂಡತಿಮಕ್ಕಳು ಅಲ್ಲಿ, ತಾವು ಇಲ್ಲಿ ಎಂಬಂತೆ ಸಿಕ್ಕಿಬಿದ್ದರು. ಹಾಗೆ ಉಳಿದವರ ಪಾಲಿಗೆ ಸಂಕ್ರಾಂತಿ ಬಂದಿತು, ಶಿವರಾತ್ರಿ ಬಂದಿತು. ಮಾರ್ಚ್ ೧೯ರ ಯುಗಾದಿಯವರೆಗೂ ಬೀಗ ತೆಗೆಯದವರೂ ಇದ್ದರು. ಎಷ್ಟೋ ವರ್ಷಗಳ ಮೇಲೆ ಮಗ ಹಬ್ಬದ ದಿನ ಮನೆಯಲ್ಲಿದ್ದಾನೆ. ಅವನ ಕೆಲಸ ಉಳಿಯುವುದೋ ಇಲ್ಲವೋ ತಿಳಿಯದು. ಬೇವುಬೆಲ್ಲ ಕೊಡುವಾಗ ತಾಯಿ ತನ್ನ ಸಂತೋಷವನ್ನು ಅವನಿಗೆ ಕಾಣದಂತೆ ಬಚ್ಚಿಟ್ಟುಕೊಳ್ಳಬೇಕಾಯಿತು.