ಧರೆ ಕಡಿಯುವ ಮುನ್ನ

ಜೂನ್ ತಿಂಗಳ ಮಳೆ ಹಿಡಿದೊಡನೆ ಮಲೆನಾಡಿನ ಕಟ್ಟಡ ಕೆಲಸಗಳು ಒಂದೊಂದಾಗಿ ನಿಲ್ಲುತ್ತವೆ. ಅರ್ಧ ಎದ್ದ ಗೋಡೆಗಳ ಮೇಲೆ ತಾಡಪಾಲು ಬೀಳುತ್ತದೆ. ಕಂಬಗಳ ತುದಿಯ ಸರಳುಗಳು ತುಕ್ಕು ಹಿಡಿಯುತ್ತವೆ. ಹಂಗಾಮಿನ ಆರಂಭದಲ್ಲಿ ಸಾಲ ತಂದು ಸೆಂಟ್ರಿಂಗ್ ಸಾಮಾನು ಕೊಂಡ ಸಣ್ಣ ಗುತ್ತಿಗೆದಾರ ದಸರಾವರೆಗೆ ಕಾಯುತ್ತಾನೆ. ಮಳೆಗಾಲವೆಂದು ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಈ ಉದ್ಯಮವನ್ನು ನೆಚ್ಚಿಕೊಂಡವರು ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಮೇಸ್ತ್ರಿಗಳು, ಗಾರೆ ಕೆಲಸದವರು, ಬಡಗಿಗಳು, ಕಲ್ಲು ಕಡಿಯುವವರು, ಟಿಪ್ಪರ್ ಮತ್ತು ಜೆಸಿಬಿ ಚಾಲಕರು, ಸಿಮೆಂಟು ಅಂಗಡಿಯವರು, ಹೀಗೆ ತೋಟದ ಆದಾಯ ಸಾಲದೆ ಬಂದ ಯುವಕರಿಗೆಲ್ಲ ಇದೇ ಅನ್ನದ ದಾರಿ. ಇವರೆಲ್ಲರ ದೂರು ಒಂದೇ ಬಗೆಯದು: ಮರಳಿಲ್ಲ, ಆಳಿಲ್ಲ, ಬಿಸಿಲಿನ ದಿನಗಳು ಸಾಲವು, ಪರವಾನಗಿ ಸಿಗದು. ದೂರುಗಳು ನಿಜವಾದವು. ಆದರೆ ನಾಲ್ಕಕ್ಕೂ ಬೇರು ಒಂದೇ. ಬಯಲುಸೀಮೆಯ ಸಪಾಟು ನೆಲಕ್ಕೆ, ಅಲ್ಲಿನ ಅಲ್ಪ ಮಳೆಗೆ ಹೊಂದುವ ಮನೆಯ ನಕ್ಷೆಯನ್ನು ತಂದು ಗುಡ್ಡದ ಇಳಿಜಾರಿನ ಮೇಲೆ ಕಟ್ಟಲು ಹೊರಟದ್ದೇ ಆ ಬೇರು. ಇಳಿಜಾರು ಮತ್ತು ಮಳೆ ಹೇಳಿದಂತೆ ಕಟ್ಟಲು ಕಲಿತ ಉದ್ಯಮ ಮಾತ್ರ ಮಲೆನಾಡಿನಲ್ಲಿ ಮುಂದೆ ಉಳಿದೀತು.

ಬಿಸಿಲಿನ ಧೈರ್ಯ

ಘಟ್ಟ ಮತ್ತು ಕರಾವಳಿಯ ಬಹಳಷ್ಟು ಗುಡ್ಡಗಳ ಮೇಲ್ಪದರ ಜಂಬಿಟ್ಟಿಗೆಯದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಸೇರಿ ಗಟ್ಟಿಯಾದ ಈ ಪದರದ ಕೆಳಗೆ ಹಲವೆಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆದು ಮಣ್ಣಿರುತ್ತದೆ. ಜನ ಇದನ್ನು ಶೇಡಿ ಎನ್ನುತ್ತಾರೆ. ಒಣಗಿದ ಶೇಡಿಯನ್ನು ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದ ಶೇಡಿ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ.

ಫೆಬ್ರವರಿಯಲ್ಲಿ ಜೆಸಿಬಿ ಕಡಿದ ಧರೆ ಮೇ ತಿಂಗಳವರೆಗೂ ಅಲುಗದೆ ನಿಂತದ್ದನ್ನು ಕಂಡು ಮನೆಯ ಯಜಮಾನ ಧೈರ್ಯ ತಾಳುತ್ತಾನೆ. ಆ ಧೈರ್ಯಕ್ಕೆ ಆಧಾರ ಬಿಸಿಲೇ ಹೊರತು ಮಣ್ಣಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎಡೆಬಿಡದ ಮಳೆಯ ನೀರು ಮೇಲಿನ ಬಿರುಕುಗಳಲ್ಲಿ ಇಳಿದು ಕೆಳಗಿನ ಪದರವನ್ನು ತಲುಪಿದಾಗ ಧರೆಯ ನಿಜವಾದ ಪರೀಕ್ಷೆ ನಡೆಯುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಕಾಲೂರು ಮುಂತಾದೆಡೆ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳನ್ನು ಕೊಚ್ಚಿಕೊಂಡು ಹೋದವು. ಅಸಾಧಾರಣ ಮಳೆ ಅದಕ್ಕೆ ಕಾರಣವಾಗಿತ್ತು. ಅದರೊಂದಿಗೆ, ನೀರು ಬಸಿದು ಹೋಗುವ ವ್ಯವಸ್ಥೆಯಿಲ್ಲದೆ ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದರತ್ತಲೂ ಭೂವಿಜ್ಞಾನಿಗಳು ಬೆರಳು ತೋರಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಹೆದ್ದಾರಿಯ ಧರೆಗೂ ಹಳ್ಳಿಮನೆಯ ಹಿಂದಿನ ಧರೆಗೂ ಎತ್ತರದಲ್ಲಿ ವ್ಯತ್ಯಾಸವುಂಟು. ಮಣ್ಣಿನ ನಿಯಮ ಎರಡಕ್ಕೂ ಒಂದೇ.

ಮೆಟ್ಟಿಲಿನ ಲೆಕ್ಕ

ಇದನ್ನು ಪರಿಸರದ ಮಾತೆಂದು ತಳ್ಳಿಹಾಕುವ ಗುತ್ತಿಗೆದಾರರು ಒಂದು ಸರಳ ಲೆಕ್ಕವನ್ನು ನೋಡಬೇಕು. 40 ಅಡಿ ಅಗಲ, 40 ಅಡಿ ಉದ್ದದ ನಿವೇಶನ, 3 ಅಡಿ ಸಾಗಿದರೆ 1 ಅಡಿ ಏರುವ ಇಳಿಜಾರು. ಇದನ್ನು ಒಂದೇ ಮಟ್ಟಕ್ಕೆ ಕಡಿದರೆ ಹಿಂದೆ ಸುಮಾರು 13 ಅಡಿ ಎತ್ತರದ ಧರೆ ಏಳುತ್ತದೆ. ತೆಗೆಯಬೇಕಾದ ಮಣ್ಣು ಸುಮಾರು 10,600 ಘನ ಅಡಿ. ಲೋಡಿಗೆ 150 ಘನ ಅಡಿಯೆಂದು ಹಿಡಿದರೂ 70 ಲೋಡು. ಅದೇ ಮನೆಯನ್ನು 20 ಅಡಿಗಳ ಎರಡು ಮೆಟ್ಟಿಲುಗಳಾಗಿ ಕಟ್ಟಿದರೆ ಮಣ್ಣಿನ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಧರೆಯ ಎತ್ತರ ಎಲ್ಲಿಯೂ 7 ಅಡಿ ಮೀರುವುದಿಲ್ಲ. ಜೆಸಿಬಿಯ ಗಂಟೆಗಳು, ಡೀಸೆಲ್, ತಡೆಗೋಡೆಯ ಸಿಮೆಂಟು, ಕಡಿದ ಮಣ್ಣನ್ನು ಸುರಿಯಲು ಜಾಗ ಹುಡುಕುವ ತಾಪತ್ರಯ, ಎಲ್ಲವೂ ಕಡಿಮೆಯಾಗುತ್ತವೆ. ಸುರಿದ ಮಣ್ಣು ಕೆಳಗಿನವರ ಗದ್ದೆಗೆ ಇಳಿದು ಜಗಳವಾಗುವುದೂ ತಪ್ಪುತ್ತದೆ.

ಜಗಲಿ ಒಂದು ಮಟ್ಟದಲ್ಲಿ, ನಡುಮನೆ ಮತ್ತೊಂದು ಮಟ್ಟದಲ್ಲಿ, ಕೊಟ್ಟಿಗೆ ಇನ್ನೂ ಕೆಳಗೆ, ಹೀಗೆ ಕಟ್ಟಿದ ಹಳೆಯ ಮನೆಗಳು ಮಲೆನಾಡಿನಲ್ಲಿ ಇಂದಿಗೂ ಇವೆ. ಅವನ್ನು ಕಟ್ಟಿದವರಿಗೆ ಜೆಸಿಬಿ ಇರಲಿಲ್ಲ. ಮಣ್ಣನ್ನು ಬುಟ್ಟಿಯಲ್ಲಿ ಹೊರಬೇಕಾಗಿತ್ತು. ಆದ್ದರಿಂದಲೇ ಅವರು ಗುಡ್ಡವನ್ನು ಕಡಿಯುವ ಮುನ್ನ ಎರಡು ಸಲ ಯೋಚಿಸಿದರು. ಆ ಯೋಚನೆ ಯಂತ್ರ ಬಂದ ಮೇಲೆ ಇನ್ನಷ್ಟು ಅಗತ್ಯವಾಗಿದೆ.

ನೀರಿಗೆ ದಾರಿ

ತೋಟದ ಬಸಿಗಾಲುವೆ ಕಟ್ಟಿಕೊಂಡರೆ ಅಡಿಕೆಯ ಬೇರು ಕೊಳೆಯುತ್ತದೆಂದು ಬಲ್ಲ ರೈತನೇ ಮನೆಯ ಹಿಂದಿನ ಧರೆಗೂ ಬಸಿಗಾಲುವೆ ಬೇಕೆಂಬುದನ್ನು ಮರೆತಿದ್ದಾನೆ. 1,000 ಚದರ ಅಡಿಯ ಮಾಡಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 9,000 ಲೀಟರಿಗೂ ಹೆಚ್ಚು ನೀರು ಸೂರಿನಿಂದ ಇಳಿಯುತ್ತದೆ. ಇಷ್ಟು ನೀರು ಧರೆಯ ಬುಡದಲ್ಲಿ ನಿಂತರೆ ಮಣ್ಣು ಮೆತ್ತಗಾಗದೆ ಇನ್ನೇನಾದೀತು?

ಧರೆಯ ನೆತ್ತಿಯಿಂದ ತುಸು ಮೇಲೆ ಅಡ್ಡಲಾಗಿ ಒಂದು ಕಾಲುವೆ, ಬುಡದಲ್ಲಿ ಇನ್ನೊಂದು, ಎರಡೂ ಹಳ್ಳ ಸೇರುವಂತೆ ಕಲ್ಲು ಹಾಸಿದ ಹರಿವು, ಇಷ್ಟನ್ನು ಮನೆಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ತಡೆಗೋಡೆ ಕಟ್ಟುವುದಾದರೆ ಹಿಂಬದಿಗೆ ಜಲ್ಲಿ ತುಂಬಿ, ಗೋಡೆಯಲ್ಲಿ ನೀರು ಹೊರಬರುವ ತೂತುಗಳನ್ನು ಬಿಡಬೇಕು. ನೀರಿಗೆ ದಾರಿ ಕೊಡದ ತಡೆಗೋಡೆ ಅಣೆಕಟ್ಟೆಯಾಗಿ ಬಿಡುತ್ತದೆ. 10 ಅಡಿ ಎತ್ತರದ ಗೋಡೆಯ ಹಿಂದೆ ನೀರು ತುಂಬಿದರೆ ಪ್ರತಿ ಮೀಟರ್ ಉದ್ದದ ಮೇಲೆ ನೀರೊಂದರ ಒತ್ತಡವೇ ನಾಲ್ಕೂವರೆ ಟನ್ ಮೀರುತ್ತದೆ; ಮಣ್ಣಿನ ಒತ್ತಡ ಬೇರೆ.

ಇಲ್ಲಿ ಪರಿಸರ ಕಾರ್ಯಕರ್ತರೂ ತಮ್ಮನ್ನು ತಿದ್ದಿಕೊಳ್ಳಬೇಕಾದ ಮಾತೊಂದಿದೆ. ಇಂಗುಗುಂಡಿ ಒಳ್ಳೆಯದೆಂದು ಎಲ್ಲೆಡೆ ಸಾರಿದ್ದರಿಂದ ಕಡಿದ ಧರೆಯ ನೆತ್ತಿಯ ಮೇಲೂ ಅವನ್ನು ತೋಡುವವರಿದ್ದಾರೆ. ಸಪಾಟು ನೆಲದಲ್ಲಿ, ಕಾನಿನ ತಪ್ಪಲಿನಲ್ಲಿ ನೀರಿಂಗಿಸುವುದು ಪುಣ್ಯದ ಕೆಲಸ. ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದಿನ ಧರೆಯ ಮೇಲೆ, ಶೇಡಿ ಪದರಕ್ಕೆ ನೀರುಣಿಸುವುದು ಅಪಾಯವನ್ನು ಆಮಂತ್ರಿಸಿದಂತೆ. ಅಲ್ಲಿ ನೀರನ್ನು ಸುರಕ್ಷಿತವಾಗಿ ಹರಿಯಗೊಡುವುದೇ ಸಂರಕ್ಷಣೆ.

ಮರಳಿನ ಮೇಲಿನ ಅವಲಂಬನೆ

ಸಣ್ಣ ಖನಿಜಗಳ ಗಣಿಗಾರಿಕೆಗೆ, ಪ್ರದೇಶ 5 ಹೆಕ್ಟೇರಿಗಿಂತ ಕಿರಿದಾಗಿದ್ದರೂ, ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ನದಿಗಳ ದೃಷ್ಟಿಯಿಂದ ಅದು ಅಗತ್ಯವಾಗಿತ್ತು. ಆದರೆ ತಾರಸಿ ಮನೆಯೇ ಮನೆ ಎಂಬ ನಂಬಿಕೆ ಬೇರೂರಿದ ಮೇಲೆ ಮರಳಿನ ಬೇಡಿಕೆ ಕುಗ್ಗಲಿಲ್ಲ. ಕದ್ದು ತರುವುದು ಹೆಚ್ಚಿತು, ಇಲ್ಲವೆ ಎಂ-ಸ್ಯಾಂಡ್ ಬಂತು. ಎಂ-ಸ್ಯಾಂಡ್ ನದಿಯನ್ನು ಉಳಿಸುತ್ತದೆ, ನಿಜ. ಅದಕ್ಕಾಗಿ ಎಲ್ಲೋ ಒಂದು ಗುಡ್ಡದ ಕಲ್ಲು ಪುಡಿಯಾಗುತ್ತದೆಂಬುದೂ ನಿಜ. ಆದ್ದರಿಂದ ಬಳಕೆಯನ್ನೇ ಇಳಿಸುವುದು ಜಾಣತನ.

ಒಳ್ಳೆಯ ಜಂಬಿಟ್ಟಿಗೆ ಸಿಗುವಲ್ಲಿ ಗೋಡೆಗೆ ಅದಕ್ಕಿಂತ ಮಿಗಿಲಾದುದಿಲ್ಲ. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲಿಗೆ ಹೊರಗಿನ ಗಿಲಾಯಿಯ ಅಗತ್ಯವೂ ಎಲ್ಲೆಡೆ ಇಲ್ಲ. ಹೊಸ ಹೊಸ ಗುಡ್ಡಗಳನ್ನು ಬಗೆಯದೆ, ಹಳೆಯ ಮನೆ ಕೆಡವಿದಾಗ ಸಿಗುವ ಕಲ್ಲನ್ನು ಮೊದಲು ಬಳಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಒತ್ತಿದ ಮಣ್ಣಿನ ಇಟ್ಟಿಗೆಯ ಕೆಲಸವನ್ನು ದಶಕಗಳ ಹಿಂದೆಯೇ ಮಾಡಿ ತೋರಿಸಿದೆ. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ತೇವದಲ್ಲಿಟ್ಟರೆ ಸುಡುವ ಅಗತ್ಯವಿಲ್ಲದ ಇಟ್ಟಿಗೆ ದೊರೆಯುತ್ತದೆ. ಮಲೆನಾಡಿನ ಕೆಂಪು ಮಣ್ಣಿನ ಜೇಡಿ ಕಪ್ಪು ಮಣ್ಣಿನದರಂತೆ ನೀರಿಗೆ ಹಿಗ್ಗುವುದಿಲ್ಲ. ಅದಕ್ಕಾಗಿಯೇ ಇದು ಈ ಕೆಲಸಕ್ಕೆ ಒಗ್ಗುತ್ತದೆ. ಜೇಡಿ ಹೆಚ್ಚಾದಲ್ಲಿ ಕಲ್ಲುಪುಡಿ ಬೆರೆಸಬೇಕು. ನಿವೇಶನಕ್ಕಾಗಿ ಕಡಿದ ಮಣ್ಣೇ ಗೋಡೆಯಾದರೆ ಎರಡು ಖರ್ಚು ಒಮ್ಮೆಗೆ ಉಳಿಯುತ್ತವೆ.

ಮಳೆಗಾಲದಲ್ಲೂ ಕಾಂಕ್ರೀಟ್ ಹಾಕಲೇಬೇಕಾದವರು ಒದ್ದೆ ಮರಳಿನ ಗುಣವನ್ನು ಅರಿತಿರಬೇಕು. ತುಸು ಒದ್ದೆಯಾದ ನುಣುಪು ಮರಳು ನಾಲ್ಕನೆಯ ಒಂದು ಪಾಲಿನಷ್ಟು ಉಬ್ಬಬಲ್ಲದು. ಅಂಥ ಮರಳನ್ನು ಬಾಂಡ್ಲಿಯ ಲೆಕ್ಕದಲ್ಲಿ ಅಳೆದರೆ ಐದು ಬಾಂಡ್ಲಿಗೆ ನಾಲ್ಕೇ ಬಾಂಡ್ಲಿ ಮರಳು ಸಿಕ್ಕಂತೆ. ಸಿಮೆಂಟು ವ್ಯರ್ಥವಾಗುತ್ತದೆ. ಮರಳಿನಲ್ಲಿ ಅಡಗಿದ ನೀರನ್ನು ಲೆಕ್ಕಿಸದೆ ಮತ್ತೆ ನೀರು ಸುರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತೆಂದು ಸಂತೋಷಪಡುವ ಗುತ್ತಿಗೆದಾರ ಅಳತೆಯ ತಪ್ಪಿನಲ್ಲಿ ಆ ಲಾಭವನ್ನು ಕಳೆದುಕೊಳ್ಳಬಾರದು.

ಹಂಗಾಮು ಮತ್ತು ಕಸುಬು

ಹೊರರಾಜ್ಯದ ಕೂಲಿಕಾರರನ್ನೇ ನಂಬಿದ ಕೆಲಸ ಎಷ್ಟು ದುರ್ಬಲವೆಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ಅವರು ಊರಿಗೆ ಮರಳಿದಾಗ ಕಟ್ಟಡಗಳು ಬಿಸಿಲಿನಲ್ಲೂ ನಿಂತವು. ಕಲ್ಲು ಕೆತ್ತುವ, ಹಂಚಿನ ಮಾಡು ಕಟ್ಟುವ, ಗಾರೆ ಅರೆಯುವ ಕಸುಬು ಬಲ್ಲವರು ಊರಿನಲ್ಲಿದ್ದಾಗ ಕೇಳುವವರಿರಲಿಲ್ಲ. ಈಗ ಕೇಳಿದರೂ ಬಲ್ಲವರು ವಿರಳ. ಉಳಿದಿರುವ ಹಿರಿಯ ಮೇಸ್ತ್ರಿಗಳ ಬಳಿ ಐಟಿಐ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಒಂದು ಹಂಗಾಮು ಕಲಿಯುವಂತಾಗಬೇಕು.

ಅಡಿಕೆ ಕೃಷಿಗೆ ತಿಂಗಳಿಗೊಂದು ಕೆಲಸವಿರುವಂತೆ ಕಟ್ಟಡ ಕಸುಬಿಗೂ ಪಂಚಾಂಗವಿರಬೇಕು. ಬೇಸಿಗೆ ಮುಗಿಯುವುದರೊಳಗೆ ಪಾಯ, ಗೋಡೆ, ಮಾಡು. ಮಳೆಗಾಲದಲ್ಲಿ ಮಾಡಿನ ಕೆಳಗಿನ ಬಡಗಿ ಕೆಲಸ, ನೆಲ, ವೈರಿಂಗ್. ಮೇ ತಿಂಗಳಲ್ಲಿ ಊರಿನ ಧರೆ ಮತ್ತು ಚರಂಡಿಗಳ ತಪಾಸಣೆ, ಹಂಚು ಕೈಯಾಡಿಸುವುದು, ಸೋರುವ ತಾರಸಿಯ ದುರಸ್ತಿ. ದುರಸ್ತಿಯೂ ಒಂದು ಉದ್ಯಮವೇ. ಹೊಸ ಮನೆಗಳ ಸಂಖ್ಯೆ ಇಳಿದರೂ ಅದು ಇಳಿಯದು.

ಭಯವೂ ಹೊಣೆಯೂ

ಇನ್ನುಳಿದದ್ದು ಪರವಾನಗಿಯ ಮಾತು. ಪಶ್ಚಿಮಘಟ್ಟದ ವರದಿಗಳೆಂದರೆ ಮನೆ ಕಟ್ಟಲು ಬಿಡದ ವರದಿಗಳೆಂಬ ಭಯ ಹಳ್ಳಿಗಳಲ್ಲಿ ಬೇರೂರಿದೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಕೇಳಿದ್ದು ಸಿಮೆಂಟು, ಉಕ್ಕು, ಮರಳನ್ನು ಮಿತಗೊಳಿಸುವ, ಮಳೆನೀರನ್ನು ಗಣಿಸುವ ಕಟ್ಟಡ ಸಂಹಿತೆಯನ್ನು. 2013ರ ಕಸ್ತೂರಿರಂಗನ್ ವರದಿಯನ್ನಾಧರಿಸಿ ಕೇಂದ್ರವು 2024ರ ಜುಲೈ 31ರಂದು ಹೊರಡಿಸಿದ ಕರಡು ಅಧಿಸೂಚನೆ ನಿಷೇಧಿಸಲು ಹೊರಟದ್ದು 20,000 ಚದರ ಮೀಟರಿಗೂ ಮೇಲಿನ ಕಟ್ಟಡಗಳನ್ನು, ಅಂದರೆ 2 ಲಕ್ಷ ಚದರ ಅಡಿ ಮೀರಿದವನ್ನು. ಈಗಿರುವ ಮನೆಗಳ ದುರಸ್ತಿ, ವಿಸ್ತರಣೆಗೆ ಅಡ್ಡಿಯಿಲ್ಲವೆಂದು ಅದರಲ್ಲೇ ಇತ್ತು. ಆದರೂ ಕಲ್ಲು ಮತ್ತು ಮರಳಿನ ಗಣಿಗಾರಿಕೆಯನ್ನು ಅದು ನಿಷೇಧಿಸುತ್ತಿದ್ದುದರಿಂದ ಸಾಮಗ್ರಿ ಎಲ್ಲಿಂದ ತರುವುದೆಂಬ ಮೇಸ್ತ್ರಿಯ ಪ್ರಶ್ನೆ ಹುಸಿಯಾದುದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವ ಕೆಲಸವನ್ನು ಪರಿಸರ ಚಳವಳಿಯೂ ಸರಿಯಾಗಿ ಮಾಡಲಿಲ್ಲ. ಅಣೆಕಟ್ಟು, ಗಣಿಗಳನ್ನು ವಿರೋಧಿಸುವಾಗ ಜೊತೆಗಿದ್ದ ಹಳ್ಳಿಗ, ತನ್ನ ಮನೆಯ ಪಾಯ ತೋಡುವಾಗ ಒಂಟಿಯಾದ.

ವರದಿಗಳ ಗತಿ ಏನಾದರೂ ಆಗಲಿ, ಗ್ರಾಮ ಪಂಚಾಯಿತಿಗಳು ಕಾಯಬೇಕಾದುದಿಲ್ಲ. ಮನೆ ಕಟ್ಟುವ ಅರ್ಜಿಯ ಜೊತೆಗೆ ಮೂರು ಪ್ರಶ್ನೆಗಳಿಗೆ ಉತ್ತರ ಕೇಳಬಹುದು: ಧರೆಯ ಎತ್ತರವೆಷ್ಟು? ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಮಾಡಿನ ನೀರು ಯಾವ ದಾರಿಯಲ್ಲಿ ಹಳ್ಳ ಸೇರುತ್ತದೆ? ಗುಡ್ಡದ ನೆತ್ತಿಯಲ್ಲಿ ಬಿರುಕು, ವಾಲಿದ ಮರಗಳು, ಧರೆಯ ಬುಡದಿಂದ ಹಠಾತ್ತನೆ ಹೊರಡುವ ಕೆಸರುನೀರು, ಈ ಸೂಚನೆಗಳನ್ನು ಶಾಲಾ ಮಕ್ಕಳಿಗೂ ಕಲಿಸಬೇಕು.

ಗುತ್ತಿಗೆದಾರನ ಸ್ವಾರ್ಥವೂ ಗುಡ್ಡದ ಹಿತವೂ ಇಲ್ಲಿ ಬೇರೆಯಲ್ಲ. ಒಂದು ಧರೆ ಜರಿದರೆ ಮನೆಯೊಂದಿಗೆ ಕಟ್ಟಿದವನ ಹೆಸರೂ ಮಣ್ಣುಪಾಲಾಗುತ್ತದೆ. ಮರುವರ್ಷ ಆ ಊರಿನಲ್ಲಿ ಅವನಿಗೆ ಕೆಲಸ ಕೊಡುವವರಿರುವುದಿಲ್ಲ. ಮಳೆ ಹಿಡಿದ ಜುಲೈ ರಾತ್ರಿಯಲ್ಲಿ ಮನೆಯವರು ಧರೆಯತ್ತ ಕಿವಿಗೊಡದೆ ನಿದ್ದೆ ಮಾಡುವಂತಿದ್ದರೆ, ಅದೇ ಮಲೆನಾಡಿನ ಮೇಸ್ತ್ರಿಗೆ ಸಿಗಬಹುದಾದ ಒಳ್ಳೆಯ ಪ್ರಮಾಣಪತ್ರ.